ಪರದೆಯ ಮೇಲಿನ ಗ್ಲೈಡ್‌ಪಾತ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಮಂಡ್ಯದವನು. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿದಿದೆ, ಈಗ ಮೈಸೂರಿನಲ್ಲಿದ್ದುಕೊಂಡು ಮೋಡದೊಳಗೂ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ತಯಾರಿ ನಡೆಸಿದ್ದೇನೆ. ಸಿಮ್ಯುಲೇಟರ್‌ನಲ್ಲಿ ಜಿಪಿಎಸ್ ಅಪ್ರೋಚ್ ಹಾರಿಸುವಾಗ ಒಮ್ಮೆ 'ಎಲ್‌ಪಿವಿ' ಅಂತ ಬರುತ್ತದೆ, ಇನ್ನೊಮ್ಮೆ 'ಎಲ್‌ನ್ಯಾವ್ ಪ್ಲಸ್ ವಿ' ಅಂತ ಬರುತ್ತದೆ. ಎರಡರಲ್ಲೂ ಗ್ಲೈಡ್‌ಪಾತ್, ಅಂದರೆ ರನ್‌ವೇಗೆ ಇಳಿಯುವ ಓರೆ ದಾರಿ, ಒಂದೇ ಥರ ಕಾಣುತ್ತದೆ. ಸೀನಿಯರ್ ಒಬ್ಬರು "ಐಎಲ್‌ಎಸ್ ಅಂತಲೇ ತಿಳ್ಕೊಂಡು ಹಾರಿಸು" ಅಂದರು. ಇದು ಸರಿಯಾ ಸರ್? ಸಂಜೆ ಹೊತ್ತು ಎಲ್‌ಪಿವಿ ಕೈಕೊಡುತ್ತದೆ ಅಂತಾರೆ, ನಿಜವಾ? ಎತ್ತರ ತಾಳೆ ನೋಡಲು ಟ್ಯಾಬ್ಲೆಟ್‌ನ ಜಿಪಿಎಸ್ ಇಟ್ಟುಕೊಂಡರೆ ಆಗುತ್ತದಾ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ಸರಿ. ಕೈಕಾಲಿನ ಕೆಲಸದ ಮಟ್ಟಿಗೆ ಎಲ್‌ಪಿವಿ ಅಪ್ರೋಚ್ ಐಎಲ್‌ಎಸ್ (ನೆಲದ ರೇಡಿಯೋ ಸಂಕೇತ ಹಿಡಿದು ಇಳಿಯುವ ವ್ಯವಸ್ಥೆ) ಥರವೇ. ಗ್ಲೈಡ್‌ಪಾತ್ ತೋರಿಸುವ ಮುಳ್ಳನ್ನು ಮಧ್ಯದಲ್ಲಿಡಬೇಕು, ವೇಗ ಹಿಡಿದಿರಬೇಕು, ಡಿಎ (ಇಳಿಯಬೇಕೋ ಬೇಡವೋ ಎಂದು ನಿರ್ಧರಿಸುವ ಎತ್ತರ) ಬಂದಾಗ ರನ್‌ವೇ ಕಾಣದಿದ್ದರೆ ಮೇಲಕ್ಕೆ ಹೋಗಬೇಕು. ಆದರೆ ಐಎಲ್‌ಎಸ್‌ನಲ್ಲಿ ಗ್ಲೈಡ್‌ಸ್ಲೋಪ್ ಬರುವುದು ರನ್‌ವೇ ಪಕ್ಕದ ಆಂಟೆನಾದಿಂದ. ಅದಕ್ಕೆ ಇರುವುದು ಅದೊಂದೇ ಮೂಲ. ಜಿಪಿಎಸ್ ಅಪ್ರೋಚ್‌ನಲ್ಲಿ ಅದೇ ಜಾಗದಲ್ಲಿ ಅದೇ ಗುರುತು ಮೂರು ಬೇರೆ ಬೇರೆ ಮೂಲಗಳಿಂದ ಬರಬಹುದು, ಬಹುತೇಕ ಪರದೆಗಳಲ್ಲಿ ಅದು ಕಾಣುವುದೂ ಒಂದೇ ಥರ. ಹಾಗಾಗಿ ಮುಳ್ಳು ಎಲ್ಲಿದೆ ಎಂದು ನೋಡುವ ಮೊದಲು ಅದನ್ನು ನಡೆಸುತ್ತಿರುವುದು ಯಾರು ಎಂದು ನೋಡಬೇಕು. ನಾನು ಪಾಠ ಮಾಡುವಾಗ ಅತಿ ಹೆಚ್ಚು ಹೊತ್ತು ಕೊಡುವುದು ಈ ವಿಷಯಕ್ಕೇ.

ಎಲ್‌ಪಿವಿಯಲ್ಲಿ ಎತ್ತರದ ಲೆಕ್ಕ ಪೂರ್ತಿಯಾಗಿ ಉಪಗ್ರಹದಿಂದ ಬರುತ್ತದೆ. ಆದರೆ ಬರೀ ಜಿಪಿಎಸ್ ಅದಕ್ಕೆ ಸಾಲದು. ನಮ್ಮ ದೇಶದಲ್ಲಿ ಅದರ ಬೆನ್ನಿಗೆ ಗಗನ್ ವ್ಯವಸ್ಥೆ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು. ದೇಶದ ಉದ್ದಗಲಕ್ಕೂ 15 ರೆಫರೆನ್ಸ್ ಸ್ಟೇಷನ್‌ಗಳಿವೆ. ಅವು ಇರುವ ಜಾಗ ಸೆಂಟಿಮೀಟರ್ ಮಟ್ಟದಲ್ಲಿ ಗೊತ್ತು. ಜಿಪಿಎಸ್ ಏನು ಹೇಳುತ್ತಿದೆ, ನಿಜ ಏನು ಎಂಬ ವ್ಯತ್ಯಾಸವನ್ನು ಅವು ಬಿಡದೆ ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಲ್ಲಿ ತಿದ್ದುಪಡಿ ತಯಾರಾಗುತ್ತದೆ. ಅಲ್ಲಿಂದ ಜಿಸ್ಯಾಟ್-8, ಜಿಸ್ಯಾಟ್-10ರಂಥ ಉಪಗ್ರಹಗಳಿಗೆ ಹೋಗಿ, ಜಿಪಿಎಸ್‌ನ ತರಂಗಾಂತರದಲ್ಲೇ ನಿಮ್ಮ ವಿಮಾನಕ್ಕೆ ಇಳಿಯುತ್ತದೆ. ಎತ್ತರದ ಮಾರ್ಗದರ್ಶನ ಕೊಡಲು ಗಗನ್‌ಗೆ ಪ್ರಮಾಣಪತ್ರ ಸಿಕ್ಕಿದ್ದು 2015ರಲ್ಲಿ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನವೊಂದು ಗಗನ್ ಆಧಾರದ ಎಲ್‌ಪಿವಿ ಅಪ್ರೋಚ್ ಮಾಡಿ ಇಳಿಯಿತು. ನಿಲ್ದಾಣದಲ್ಲಿ ಯಾವ ಆಂಟೆನಾವನ್ನೂ ನೆಡಬೇಕಾಗಿಲ್ಲ ಎನ್ನುವುದೇ ಇದರ ದೊಡ್ಡ ಲಾಭ. ಸಣ್ಣ ಊರುಗಳ ನಿಲ್ದಾಣಗಳಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ನಿಖರತೆಗಿಂತ ನನಗೆ ಮುಖ್ಯ ಅನ್ನಿಸುವುದು ಗಗನ್ ಕೊಡುವ ಇನ್ನೊಂದು ವಿಷಯ. ನಿಮ್ಮ ರಿಸೀವರ್ ಪ್ರತಿ ಕ್ಷಣ ತನ್ನನ್ನೇ ತಾನು ಅನುಮಾನಿಸುತ್ತದೆ. 'ನಾನು ಹೇಳುತ್ತಿರುವ ಎತ್ತರ ತಪ್ಪಾಗಿದ್ದರೂ ಎಷ್ಟು ಮೀಟರ್ ಒಳಗೆ ತಪ್ಪಾಗಿರಬಹುದು' ಎಂದು ಲೆಕ್ಕ ಹಾಕುತ್ತದೆ. ಅದನ್ನು ಪ್ರೊಟೆಕ್ಷನ್ ಲೆವೆಲ್ ಅನ್ನುತ್ತಾರೆ. 250 ಅಡಿವರೆಗಿನ ಎಲ್‌ಪಿವಿಗೆ ಈ ಸಂಖ್ಯೆ ಎತ್ತರದಲ್ಲಿ 50 ಮೀಟರ್, ಅಕ್ಕಪಕ್ಕದಲ್ಲಿ 40 ಮೀಟರ್ ದಾಟಬಾರದು. ದಾಟಿದರೆ ಡಬ್ಬಿ, ಅಂದರೆ ಆ ರಿಸೀವರ್, ತಾನೇ ಎಲ್‌ಪಿವಿಯನ್ನು ತೆಗೆದುಬಿಡುತ್ತದೆ. ಈ 50 ಮೀಟರ್ ಎನ್ನುವುದು ಸಾಮಾನ್ಯವಾಗಿ ಆಗುವ ತಪ್ಪಲ್ಲ. ನಿಜವಾದ ತಪ್ಪು ಕೆಲವೇ ಮೀಟರ್ ಇರುತ್ತದೆ. ಗೊತ್ತೇ ಆಗದ ಹಾಗೆ ಮಿತಿ ಮೀರುವ ಸಾಧ್ಯತೆ ಒಂದು ಕೋಟಿ ಅಪ್ರೋಚ್‌ಗೆ ಎರಡರಷ್ಟು ಮಾತ್ರ ಇರಬೇಕು ಎಂಬ ಲೆಕ್ಕದಲ್ಲಿ ಇದನ್ನೆಲ್ಲ ಕಟ್ಟಿದ್ದಾರೆ. ಅದಕ್ಕೇ ಪರದೆಯ ಮೇಲೆ ಎಲ್‌ಪಿವಿ ಎಂಬ ಮೂರಕ್ಷರ ಇದ್ದರೆ ನಾನು ಆ ಮುಳ್ಳನ್ನು ನಂಬುತ್ತೇನೆ.

ಎರಡನೆಯ ಮೂಲ ಬಾರೋ-ವಿನ್ಯಾವ್. ಎಲ್‌ನ್ಯಾವ್ (ಅಕ್ಕಪಕ್ಕದ ಮಾರ್ಗದರ್ಶನ)/ವಿನ್ಯಾವ್ (ಎತ್ತರದ್ದು) ಮಿನಿಮಾಗೆ, ಅಂದರೆ ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರಕ್ಕೆ, ದೊಡ್ಡ ವಿಮಾನಗಳು ಹೆಚ್ಚಾಗಿ ಬಳಸುವುದು ಇದನ್ನೇ. ಇಲ್ಲಿ ದಾರಿ ಉಪಗ್ರಹದಿಂದ, ಎತ್ತರ ಮಾತ್ರ ಆಲ್ಟಿಮೀಟರ್‌ನ ಗಾಳಿಯ ಒತ್ತಡದಿಂದ. ಮೂರನೆಯದು ನೀವು ನೋಡಿದ 'ಪ್ಲಸ್ ವಿ'. ಇದು ಬರೀ ಸಲಹೆ. ಹಂತ ಹಂತವಾಗಿ ಇಳಿಯುವ ಬದಲು ಒಂದೇ ಸಮನೆ ಇಳಿಯಲಿ ಎಂದು ಡಬ್ಬಿ ತಾನೇ ಎಳೆದುಕೊಟ್ಟ ಗೆರೆ. ಎಂಡಿಎ, ಅಂದರೆ ರನ್‌ವೇ ಕಾಣದೆ ದಾಟಿ ಇಳಿಯಬಾರದ ಎತ್ತರ, ಅದಕ್ಕಿಂತ ಕೆಳಗೆ ಆ ಗೆರೆಯ ದಾರಿಯಲ್ಲಿ ಮರ, ಟವರ್, ಗುಡ್ಡ ಇದೆಯೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ. ಮಧ್ಯದ ಸ್ಟೆಪ್-ಡೌನ್ ಎತ್ತರಗಳನ್ನೂ ಎಂಡಿಎಯನ್ನೂ ಕಾಯುವ ಕೆಲಸ ಪೂರ್ತಿ ನಿಮ್ಮದೇ. ಎಂಡಿಎಗೂ ಡಿಎಗೂ ಇರುವ ವ್ಯತ್ಯಾಸವೂ ನೆನಪಿರಲಿ. ಡಿಎಯಲ್ಲಿ ನಿರ್ಧಾರ ಮಾಡಿ ಎತ್ತುವಾಗ ವಿಮಾನ ಮೂವತ್ತು ನಲವತ್ತು ಅಡಿ ಕೆಳಗೆ ಜಾರಿದರೆ ಪರವಾಗಿಲ್ಲ, ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಎಂಡಿಎಗೆ ಆ ಜಾಗ ಇಲ್ಲ. 'ಪ್ಲಸ್ ವಿ' ಹಿಡಿದು ಇಳಿಯುತ್ತಿದ್ದರೆ ಎಂಡಿಎ ಮುಟ್ಟುವ ಮುಂಚೆಯೇ ಎತ್ತಬೇಕು.

ಇಷ್ಟು ಅರ್ಥವಾದರೆ ಮುಂದಿನದು ಸುಲಭ. ಆದರೆ ಅದನ್ನೇ ಜಾಸ್ತಿ ಜನ ಸುಮ್ನೆ ಮುಗಿಸಿಬಿಡುತ್ತಾರೆ. ಎಫ್‌ಎಎಫ್ ಬಿಂದುವಿನ ಮೇಲೆ, ಅಂದರೆ ಕೊನೆಯ ಇಳಿತ ಶುರುವಾಗುವ ಜಾಗದಲ್ಲಿ, ಚಾರ್ಟ್ ಒಂದು ಎತ್ತರ ಕೊಟ್ಟಿರುತ್ತದೆ. ಗ್ಲೈಡ್‌ಪಾತ್ ಮೇಲಿದ್ದೀರಿ, ಆ ಬಿಂದು ದಾಟಿದಿರಿ, ಆಲ್ಟಿಮೀಟರ್ ಏನು ತೋರಿಸುತ್ತಿದೆ? ಈ ತಾಳೆ ನೋಡುವುದು ಪರೀಕ್ಷಕರ ಮುಂದೆ ಹೇಳುವ ಮಂತ್ರ ಅಲ್ಲ. ಎಲ್‌ಪಿವಿಯಲ್ಲಿ ಗ್ಲೈಡ್‌ಪಾತ್ ಬರುವುದು ಉಪಗ್ರಹದಿಂದ, ಆಲ್ಟಿಮೀಟರ್ ಬರುವುದು ಗಾಳಿಯಿಂದ. ಒಂದಕ್ಕೊಂದು ಸಂಬಂಧವೇ ಇಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳುತ್ತಾರಾ ಎಂದು ಕೇಳುವ ಅವಕಾಶ ಇದು. ಬಾರೋ-ವಿನ್ಯಾವ್‌ನಲ್ಲಿ ಆ ಅವಕಾಶ ಇಲ್ಲ. ಅಲ್ಲಿ ಮುಳ್ಳೂ ಆಲ್ಟಿಮೀಟರೂ ಒಂದೇ ಮನೆಯವರು. ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ, ಸಮುದ್ರಮಟ್ಟದ ಲೆಕ್ಕದ ಗಾಳಿಯ ಒತ್ತಡ) ತಪ್ಪಿದ್ದರೆ ಇಬ್ಬರೂ ಒಟ್ಟಿಗೆ ಒಂದೇ ತಪ್ಪು ಹೇಳುತ್ತಾರೆ, ಎಲ್ಲ ಸರಿಯಿದೆ ಅಂತಲೇ ಕಾಣುತ್ತದೆ.

ಇದು ಬರೀ ಪಾಠದ ಮಾತಲ್ಲ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಹೀಗೇ ಆಯಿತು. ಆ ರನ್‌ವೇಯ ಐಎಲ್‌ಎಸ್ ಅವತ್ತು ಕೆಲಸ ಮಾಡುತ್ತಿರಲಿಲ್ಲ. ಏರ್‌ಬಸ್ ಎ320 ಒಂದು ಬಾರೋ-ವಿನ್ಯಾವ್ ಆಧಾರದ ಅಪ್ರೋಚ್ ಮಾಡುತ್ತಿತ್ತು. ನಿಜವಾದ ಕ್ಯೂಎನ್‌ಎಚ್ 1001. ಕಂಟ್ರೋಲರ್ ಬಾಯಲ್ಲಿ ಬಂದದ್ದು 1011. ಪೈಲಟ್‌ಗಳು ಅದನ್ನೇ ತಿರುಗಿ ಓದಿದರು, ಅದನ್ನೇ ಆಲ್ಟಿಮೀಟರ್‌ಗೆ ಹಾಕಿದರು. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. ಹತ್ತಕ್ಕೆ 280 ಅಡಿ. ಇಡೀ ಗ್ಲೈಡ್‌ಪಾತೇ 280 ಅಡಿ ಕೆಳಗೆ ಕೂತಿತು. ಕಾಕ್‌ಪಿಟ್‌ನಲ್ಲಿ ಮುಳ್ಳು ಮಧ್ಯದಲ್ಲೇ ಇತ್ತು, ಎತ್ತರ ಮತ್ತು ದೂರದ ಲೆಕ್ಕವೂ ತಾಳೆಯಾಗುತ್ತಿತ್ತು. ಮಿನಿಮಾ ಬಂತು ಎಂದುಕೊಂಡ ಹೊತ್ತಿಗೆ ರನ್‌ವೇ ಕಾಣದೆ ಗೋ-ಅರೌಂಡ್ ಮಾಡಿದರು, ಅಂದರೆ ಇಳಿಯದೆ ಮೇಲಕ್ಕೆತ್ತಿದರು. ಆಗ ನೆಲದಿಂದ ನೇರ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್‌ನಲ್ಲಿ ದಾಖಲಾದ ಅತಿ ಕಡಿಮೆ ಎತ್ತರ 6 ಅಡಿ. ರನ್‌ವೇ ಇನ್ನೂ ಸುಮಾರು ಒಂದೂವರೆ ಕಿಲೋಮೀಟರ್ ಮುಂದಿತ್ತು. ಯಾರಿಗೂ ಏನೂ ಆಗಲಿಲ್ಲ ಎನ್ನುವುದು ಪುಣ್ಯ.

ಅದೇ ತಪ್ಪು ಕ್ಯೂಎನ್‌ಎಚ್ ಇಟ್ಟುಕೊಂಡು ಎಲ್‌ಪಿವಿ ಹಾರಿಸಿದ್ದರೆ? ಗ್ಲೈಡ್‌ಪಾತ್ ಒಂದು ಅಡಿಯೂ ಅಲ್ಲಾಡುತ್ತಿರಲಿಲ್ಲ. ಅದು ನೇರ ರನ್‌ವೇಗೇ ಕರೆದುಕೊಂಡು ಹೋಗುತ್ತಿತ್ತು. ಎಫ್‌ಎಎಫ್ ಮೇಲೆ ಆಲ್ಟಿಮೀಟರ್ 280 ಅಡಿ ಜಾಸ್ತಿ ತೋರಿಸಿ, ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತಿತ್ತು. ಹಾಗಂತ ಎಲ್‌ಪಿವಿಗೆ ಕ್ಯೂಎನ್‌ಎಚ್ ಬೇಡ ಎಂದು ತಿಳಿಯಬೇಡಿ. ಡಿಎ ನೋಡುವುದು ಆಲ್ಟಿಮೀಟರ್‌ನಲ್ಲೇ. ಡಿಎ ರನ್‌ವೇಗಿಂತ 250 ಅಡಿ ಮೇಲಿದ್ದು, ಆಲ್ಟಿಮೀಟರ್ 280 ಅಡಿ ಜಾಸ್ತಿ ತೋರಿಸುತ್ತಿದ್ದರೆ, ಡಿಎ ಬರುವ ಮೊದಲೇ ನೆಲ ಬರುತ್ತದೆ. ದಾರಿ ಸರಿ ಇದ್ದರೂ ಎಲ್ಲಿ ನಿಲ್ಲಬೇಕು ಎನ್ನುವುದು ತಪ್ಪಿಹೋಗುತ್ತದೆ. ಹಾಗಾಗಿ ಟವರ್ ಕೊಟ್ಟ ಕ್ಯೂಎನ್‌ಎಚ್ ಅನ್ನು ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಅಥವಾ ಏಟಿಸ್‌ನಲ್ಲಿ (ರೇಡಿಯೋದಲ್ಲಿ ಬರುವ ನಿಲ್ದಾಣದ ಮಾಹಿತಿ) ಬಂದದ್ದರ ಜೊತೆ ಹೋಲಿಸಿ. ಎರಡಕ್ಕೂ ಒಂದೆರಡು ಹೆಕ್ಟೋಪಾಸ್ಕಲ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಂಕೋಚ ಬೇಡ, ಮತ್ತೊಮ್ಮೆ ಕೇಳಿ.

ಇಲ್ಲಿ ನಮ್ಮ ಮೈಸೂರಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಸ್ತಕಗಳಲ್ಲಿ ಚಳಿಯ ಬಗ್ಗೆ ಪುಟಗಟ್ಟಲೆ ಇರುತ್ತದೆ, ಸೆಕೆಯ ಬಗ್ಗೆ ಎರಡು ಸಾಲು. ನಮಗೆ ಬೇಕಾದದ್ದು ಸೆಕೆಯದು. ಲೆಕ್ಕಕ್ಕೆ ಸುಲಭವಾಗಲಿ ಎಂದು ಮಂಡಕಳ್ಳಿ ನಿಲ್ದಾಣದ ಎತ್ತರ 2,400 ಅಡಿ, ಎಫ್‌ಎಎಫ್ ಎತ್ತರ 4,400 ಅಡಿ ಎಂದಿಟ್ಟುಕೊಳ್ಳೋಣ. ಇವು ಚಾರ್ಟಿನ ಅಂಕಿಗಳಲ್ಲ. ನಿಲ್ದಾಣದ ಎತ್ತರದಲ್ಲಿ ಸ್ಟ್ಯಾಂಡರ್ಡ್ ಉಷ್ಣಾಂಶ, ಅಂದರೆ ಆಲ್ಟಿಮೀಟರ್ ಲೆಕ್ಕಕ್ಕೆ ಹಿಡಿದಿರುವುದು, ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 25 ಡಿಗ್ರಿ ಜಾಸ್ತಿ ಆಯಿತು. ಬಿಸಿಗಾಳಿ ಹಿಗ್ಗಿರುತ್ತದೆ. ಹಾಗಾಗಿ ಆಲ್ಟಿಮೀಟರ್ ಹೇಳುವುದಕ್ಕಿಂತ ವಿಮಾನ ನಿಜವಾಗಿ ಮೇಲಿರುತ್ತದೆ. 10 ಡಿಗ್ರಿಗೆ ಸುಮಾರು ಶೇಕಡಾ 4ರಂತೆ, 2,000 ಅಡಿಗೆ ಹತ್ತಿರ ಹತ್ತಿರ 160ರಿಂದ 200 ಅಡಿ ವ್ಯತ್ಯಾಸ.

ಇದರಿಂದ ಏನಾಗುತ್ತದೆ? ನೀವು 4,400ರಲ್ಲಿ ಸಮನಾಗಿ ಹೋಗುತ್ತಿದ್ದೀರಿ. ನಿಜವಾಗಿ ಅದಕ್ಕಿಂತ ಮೇಲಿದ್ದೀರಿ. ಎಲ್‌ಪಿವಿ ಗ್ಲೈಡ್‌ಪಾತ್ ಬಿಸಿಲಿಗೆ ಬಾಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಹಾಗಾಗಿ ಅದು ಎಫ್‌ಎಎಫ್‌ಗಿಂತ ಸುಮಾರು ಅರ್ಧ ನಾಟಿಕಲ್ ಮೈಲಿ ಮುಂಚೆಯೇ ಬಂದು ಸೇರುತ್ತದೆ. ಆಟೋಪೈಲಟ್ ಅದನ್ನು ಹಿಡಿದು ಇಳಿಯತೊಡಗುತ್ತದೆ. ಎಫ್‌ಎಎಫ್‌ಗೂ ಮುಂಚೆ ಒಂದು ಕನಿಷ್ಠ ಎತ್ತರದ ಮಿತಿ ಇದ್ದರೆ, ಆಲ್ಟಿಮೀಟರ್ ಪ್ರಕಾರ ಅದನ್ನು ಮುರಿದ ಹಾಗಾಗುತ್ತದೆ. ಆದ್ದರಿಂದ ಆ ಮಿತಿ ದಾಟುವ ತನಕ ಎತ್ತರ ಹಿಡಿದಿಡಿ, ಆಮೇಲೆ ಗ್ಲೈಡ್‌ಪಾತ್‌ಗೆ ಬಿಡಿ. ಇನ್ನು ಎಫ್‌ಎಎಫ್ ಮೇಲೆ ಗ್ಲೈಡ್‌ಪಾತ್ ಹಿಡಿದಿದ್ದರೆ ಆಲ್ಟಿಮೀಟರ್ 4,220ರ ಆಸುಪಾಸು ತೋರಿಸಬೇಕು. ಅಂಥ ಸೆಕೆಯಲ್ಲಿ ಸರಿಯಾಗಿ 4,400 ತೋರಿಸಿದರೆ ನನಗೆ ಸಮಾಧಾನ ಆಗುವುದಿಲ್ಲ, ಅನುಮಾನ ಬರುತ್ತದೆ. ಕ್ಯೂಎನ್‌ಎಚ್ ಐದಾರು ಹೆಕ್ಟೋಪಾಸ್ಕಲ್ ಜಾಸ್ತಿ ಕೂತಿದ್ದರೆ ಮಾತ್ರ ಹಾಗೆ ಬರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿರುತ್ತವೆ. ಕೆಳಗೆ ಇಳಿದ ಹಾಗೆ ಬಿಸಿಲಿನ ವ್ಯತ್ಯಾಸ ಕರಗುತ್ತದೆ, ಕ್ಯೂಎನ್‌ಎಚ್‌ನ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಡಿಸೆಂಬರ್ ಜನವರಿಯ ಬೆಳಗ್ಗೆ, ಕಬ್ಬಿನ ಗದ್ದೆಗಳ ಮೇಲೆ ಮಂಜು ಕೂತಿರುವಾಗ, ಉಷ್ಣಾಂಶ ಸ್ಟ್ಯಾಂಡರ್ಡ್ ಹತ್ತಿರವೇ ಇರುತ್ತದೆ. ಆಗ ಹೆಚ್ಚುಕಡಿಮೆ ಚಾರ್ಟಿನ ಎತ್ತರವೇ ಬರಬೇಕು. ನಿಮ್ಮ ಬ್ರೀಫಿಂಗ್‌ನಲ್ಲಿ ಇವತ್ತು ಎಷ್ಟು ಕಾಣಬೇಕು ಎಂಬ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ. ಇದಕ್ಕೆ ಒಂದು ನಿಮಿಷವೂ ಬೇಡ.

ಮಂಡಕಳ್ಳಿಯ ಬಗ್ಗೆ ಇನ್ನೂ ಒಂದು ಮಾತು. ರನ್‌ವೇ 09/27 ಪೂರ್ವ-ಪಶ್ಚಿಮಕ್ಕಿದೆ, ಚಾಮುಂಡಿ ಬೆಟ್ಟ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ನಿಲ್ದಾಣಕ್ಕಿಂತ ಸುಮಾರು ಸಾವಿರ ಅಡಿ ಎತ್ತರಕ್ಕೆ ನಿಂತಿದೆ. ನೇರ ಅಪ್ರೋಚ್‌ನಲ್ಲಿ ಎತ್ತರದ ಮಾರ್ಗದರ್ಶನ ಇದ್ದರೆ ಮೋಡದ ಕೆಳಗೆ ಸುತ್ತು ಹಾಕಿ ಇಳಿಯುವ ಕೆಲಸ ತಪ್ಪುತ್ತದೆ. ಯಾವ ತುದಿಗೆ ಯಾವ ಮಿನಿಮಾ ಇದೆ ಎಂದು ವಿಮಾನ ನಿಲ್ದಾಣ ಪ್ರಾಧಿಕಾರದ ಇ-ಎಐಪಿಯಲ್ಲಿ (ಆನ್‌ಲೈನ್ ಅಧಿಕೃತ ಮಾಹಿತಿ ಪುಸ್ತಕ) ಅವತ್ತಿಗೆ ಚಾಲ್ತಿಯಲ್ಲಿರುವ ಚಾರ್ಟ್ ತೆಗೆದು ನೋಡಿ. ಸಿಮ್ಯುಲೇಟರ್‌ನಲ್ಲಿ ಬರುತ್ತದೆ ಎಂದರೆ ನಿಜದಲ್ಲೂ ಇದೆ ಎಂದಲ್ಲ. ವಿಮಾನದ ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತದೆ, ಹಳೆಯದರಲ್ಲಿ ಎಲ್‌ಪಿವಿ ಹಾರಿಸಬೇಡಿ.

ಈಗ ಸಂಜೆಯ ಪ್ರಶ್ನೆ. ನೀವು ಕೇಳಿದ್ದು ನಿಜ, ಅದಕ್ಕೆ ಕಾರಣ ನಮ್ಮ ನೆತ್ತಿಯ ಮೇಲೇ ಇದೆ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. ಇದರ ಆಸುಪಾಸಿನಲ್ಲಿ ಅಯಾನುಗೋಳ ಬಹಳ ಚಂಚಲ. ಸೂರ್ಯ ಮುಳುಗಿದ ಮೇಲೆ ಅದರಲ್ಲಿ ಗುಳ್ಳೆಗಳು ಏಳುತ್ತವೆ. ಅವುಗಳ ಮೂಲಕ ಹಾದುಬರುವ ಉಪಗ್ರಹದ ಸಂಕೇತ ಮಿನುಗಿ ಕ್ಷೀಣಿಸುತ್ತದೆ, ರಿಸೀವರ್ ಅದನ್ನು ಕೈಬಿಡುತ್ತದೆ. ರಾತ್ರಿ ಏಳೆಂಟು ಗಂಟೆಯಿಂದ ನಡುರಾತ್ರಿವರೆಗೆ, ಅದರಲ್ಲೂ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಇದು ಜಾಸ್ತಿ. ಗಗನ್ ಥರದವೇ ಆದ ಅಮೆರಿಕದ ವಾಸ್, ಯುರೋಪಿನ ಎಗ್ನೋಸ್‌ಗೆ ಈ ಕಷ್ಟ ಇಷ್ಟೊಂದಿಲ್ಲ. ಭಾರತದ ವಿಜ್ಞಾನಿಗಳು ನಮ್ಮ ಆಕಾಶಕ್ಕೆಂದೇ ಬೇರೆ ಅಯಾನುಗೋಳ ಮಾದರಿ ಮಾಡಬೇಕಾಗಿ ಬಂದದ್ದು ಇದಕ್ಕೇ. ಅದು ನನಗೆ ಬಹಳ ಹೆಮ್ಮೆಯ ವಿಷಯ.

ಸಂಕೇತ ಕಡಿಮೆಯಾದರೆ ಮೇಲೆ ಹೇಳಿದ ಪ್ರೊಟೆಕ್ಷನ್ ಲೆವೆಲ್ ಏರುತ್ತದೆ. ಎತ್ತರದ 50 ಮೀಟರ್ ದಾಟಿದರೆ ಎಲ್‌ಪಿವಿ ಹೋಗಿ ಎಲ್‌ನ್ಯಾವ್ ಬರುತ್ತದೆ. ಇದು ಡಬ್ಬಿ ಕೆಟ್ಟದ್ದಲ್ಲ, ಪ್ರಾಮಾಣಿಕವಾಗಿ ಕೆಲಸ ಮಾಡಿದ್ದು. ನೀವು ಮಾಡಬೇಕಾದದ್ದು ಇಷ್ಟೇ. ಇಳಿಯಲು ಶುರು ಮಾಡುವ ಮೊದಲೇ ಎರಡು ಮಿನಿಮಾಗಳನ್ನೂ ಓದಿಕೊಳ್ಳಿ. ಎಫ್‌ಎಎಫ್‌ಗೆ ಎರಡು ಮೈಲಿ ಮುಂಚೆ ಪರದೆಯ ಮೇಲಿನ ಅಕ್ಷರ ನೋಡಿ, ಬಾಯಿಬಿಟ್ಟು ಹೇಳಿ. ಎಲ್‌ಪಿವಿ ಇದ್ದರೆ ಡಿಎ. ಎಲ್‌ನ್ಯಾವ್ ಇದ್ದರೆ ಎಂಡಿಎ, ಹವಾಮಾನ ಅದಕ್ಕೆ ಒಗ್ಗದಿದ್ದರೆ ಅಲ್ಲಿಂದಲೇ ಬೇರೆ ಯೋಚನೆ ಮಾಡಿ. ಎಫ್‌ಎಎಫ್ ದಾಟಿದ ಮೇಲೆ ಮೋಡದೊಳಗೆ ಎಲ್‌ಪಿವಿ ಹೋದರೆ ನನ್ನ ಸಲಹೆ ಒಂದೇ, ಗೋ-ಅರೌಂಡ್. ಎಲ್‌ನ್ಯಾವ್ ಮಿನಿಮಾಗೆ ಮುಂದುವರಿಯಬಹುದು ಎಂದು ಕೆಲವು ಡಬ್ಬಿಗಳ ಸಂದೇಶ ಹೇಳುತ್ತದೆ. ಒಬ್ಬರೇ ಹಾರಿಸುತ್ತಿರುವ ಹೊಸ ಪೈಲಟ್ ಇಳಿಯುತ್ತಾ ಇಳಿಯುತ್ತಾ ಮಿನಿಮಾ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಎತ್ತುವಾಗ ಮೊದಲು ಪವರ್, ನೋಸ್ ಮೇಲೆ, ಏರುತ್ತಿದ್ದೇವೆ ಎಂದು ಖಚಿತವಾದ ಮೇಲೆ ಬಟನ್‌ಗಳು. ಜಿಪಿಎಸ್ ಮುಂದಿನ ಬಿಂದುವಿಗೆ ಹೋಗದೆ 'ಸಸ್ಪೆಂಡ್' ಎಂದು ನಿಂತಿರುತ್ತದೆ, ಅದನ್ನು ಬಿಡಿಸಲು ತಲೆ ಬಗ್ಗಿಸಿದ ಹೊತ್ತಲ್ಲೇ ಏರಿಕೆ ನಿಂತುಹೋಗುವುದು ತರಬೇತಿಯಲ್ಲಿ ಪದೇ ಪದೇ ಕಾಣುತ್ತದೆ.

ಉಪಗ್ರಹದ ಸಂಕೇತವನ್ನು ಬೇಕೆಂದೇ ಕೆಡಿಸುವವರೂ ಈಗ ಇದ್ದಾರೆ. 2023ರ ನವೆಂಬರ್‌ನಲ್ಲೇ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಇದರ ಬಗ್ಗೆ ಸುತ್ತೋಲೆ ಹೊರಡಿಸಿದೆ. ಎತ್ತರ ಮತ್ತು ದೂರದ ತಾಳೆ ತಪ್ಪಿದರೆ, ನಕ್ಷೆಯ ಮೇಲಿನ ವಿಮಾನ ಹಠಾತ್ತನೆ ಹಾರಿ ಬೇರೆಲ್ಲೋ ಕೂತರೆ, ಕಾರಣ ಹುಡುಕುತ್ತಾ ಕೂರಬೇಡಿ. ಅಪ್ರೋಚ್ ಬಿಟ್ಟು ಮೇಲೆ ಹೋಗಿ, ಎಟಿಸಿಗೆ ಹೇಳಿ.

ಕೊನೆಯದಾಗಿ ಟ್ಯಾಬ್ಲೆಟ್. ಎತ್ತರ ತಾಳೆ ನೋಡಲು ಬೇಡವೇ ಬೇಡ. ಅದರಲ್ಲಿ ಪ್ರೊಟೆಕ್ಷನ್ ಲೆವೆಲ್‌ನ ಲೆಕ್ಕ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಜಿಪಿಎಸ್ ಅಳೆಯುವುದು ಸಮುದ್ರಮಟ್ಟದಿಂದ ಅಲ್ಲ. ಡಬ್ಲ್ಯುಜಿಎಸ್-84 ಎಂಬ, ಗಣಿತದಲ್ಲಿ ಎಳೆದ ನುಣುಪಾದ ಭೂಮಿಯ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ಅದಕ್ಕೆ ಎಲ್ಲ ಕಡೆ ಸರಿಹೊಂದುವುದಿಲ್ಲ. ಜಗತ್ತಿನಲ್ಲೇ ಅದು ಅತಿ ಹೆಚ್ಚು ತಗ್ಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ, ಸುಮಾರು 106 ಮೀಟರ್. ಆ ತಗ್ಗಿನ ಅಂಚಿನಲ್ಲೇ ನಾವಿದ್ದೇವೆ. ಮೈಸೂರಿನಲ್ಲಿ ವ್ಯತ್ಯಾಸ 80 ಮೀಟರಿಗಿಂತ ಜಾಸ್ತಿ, ಅಂದರೆ 260 ಅಡಿಗೂ ಮೇಲೆ. ಕೆಲವು ಆಪ್‌ಗಳು ಇದನ್ನು ತಿದ್ದಿ ತೋರಿಸುತ್ತವೆ, ಕೆಲವು ತಿದ್ದುವುದಿಲ್ಲ. ತಿದ್ದದ ಆಪ್ ಇಟ್ಟುಕೊಂಡು ಮಂಡಕಳ್ಳಿಯ ಏಪ್ರನ್ ಮೇಲೆ ನಿಂತರೆ, ನೀವು ನೆಲದೊಳಗೆ ಇದ್ದೀರಿ ಎಂದು ತೋರಿಸುತ್ತದೆ. ಎಲ್‌ಪಿವಿಗೆ ಈ ಗೊಂದಲ ಇಲ್ಲ. ರನ್‌ವೇ ತುದಿಯ ಎತ್ತರವನ್ನು ಅದೇ ಗಣಿತದ ಮೇಲ್ಮೈಯಿಂದ ಸರ್ವೆ ಮಾಡಿ ಡೇಟಾಬೇಸ್‌ನಲ್ಲಿ ಹಾಕಿರುತ್ತಾರೆ, ಆ ತುಣುಕಿನಲ್ಲಿ ಒಂದು ಬಿಟ್ ಬದಲಾದರೂ ರಿಸೀವರ್ ಅದನ್ನು ತಿರಸ್ಕರಿಸುತ್ತದೆ. ಟ್ಯಾಬ್ಲೆಟ್ ಅನ್ನು ಚಾರ್ಟ್ ನೋಡಲು ಇಟ್ಟುಕೊಳ್ಳಿ. ಎತ್ತರದ ತಾಳೆಗೆ ಆಲ್ಟಿಮೀಟರ್, ಎಫ್‌ಎಎಫ್ ಮೇಲೆ, ನೀವು ಮೊದಲೇ ಬರೆದಿಟ್ಟ ಸಂಖ್ಯೆಯ ಜೊತೆ.